ಒಂದೂ ಪುಸ್ತಕ ಕಳೆಯದ ಲೈಬ್ರರಿ

ನಮ್ಮ ಮನೆಗೆ ಬಂದವರಿಗೆ ನೀರು ಬೆಲ್ಲ ಸಿಗುವ ಮೊದಲೇ ಒಂದು ಪ್ರಶಂಸಾ ಪತ್ರ ಸಿಗುತ್ತದೆ. ನನ್ನ ಹೆಂಡತಿ ಅದಕ್ಕೆ ಕಟ್ಟು ಹಾಕಿಸಿ, ಗಾಜು ಕೂರಿಸಿ, ಚಾವಡಿಯಲ್ಲಿ ಕುರ್ಚಿಯ ಎದುರಿಗೇ ತೂಗುಹಾಕಿದ್ದಾಳೆ. ಕೂತವರಿಗೆ ಓದದೆ ಬೇರೆ ದಾರಿಯಿಲ್ಲ. ‘ಇಪ್ಪತ್ತೆಂಟು ವರ್ಷಗಳ ಸುದೀರ್ಘ ಸೇವೆಯಲ್ಲಿ ಒಂದೇ ಒಂದು ಪುಸ್ತಕವೂ ಕಳೆದುಹೋಗದಂತೆ ಗ್ರಂಥಾಲಯವನ್ನು ಕಾಪಾಡಿದ’ ಎಂಬಲ್ಲಿಗೆ ಬಂದಾಗ ಅವರ ದನಿ ತಾನಾಗಿ ಏರುತ್ತದೆ. ಆಮೇಲೆ ನನ್ನ ಕಡೆ ತಿರುಗಿ, “ಸಣ್ ಸಂಗ್ತಿ ಅಲ್ಲ ಮಾಷ್ಟ್ರೆ ಇದ್” ಎನ್ನುತ್ತಾರೆ. ನಾನು ಹಲ್ಲು ಕಿರಿಯುತ್ತೇನೆ.

ಪುಸ್ತಕ ಹೇಗೆ ಕಳೆದೀತು, ನೀವೇ ಹೇಳಿ. ಯಾರಿಗಾದರೂ ಕೊಟ್ಟರಲ್ಲವೇ ಕಳೆಯುವುದು?

ನಾನು ನಮ್ಮೂರಿನ ಪಂಚಾಯತ್ ಲೈಬ್ರರಿಯ ಮೇಲ್ವಿಚಾರಕನಾಗಿದ್ದೆ. ಊರಿನ ಹೆಸರು ಬೇಡ. ಬೀಜಾಡಿಯ ಆಚೆ ಈಚೆ ಎಲ್ಲೋ ಇದೆ ಎಂದುಕೊಳ್ಳಿ. ಮೇಲ್ವಿಚಾರಕ ಎಂದರೆ ಕೆಳಗೆ ನಾಲ್ಕು ಜನ ಇದ್ದಾರೆಂದು ತಿಳಿಯಬೇಡಿ. ಬಾಗಿಲು ತೆಗೆಯುವವನೂ ನಾನೇ, ಕಸ ಗುಡಿಸುವವನೂ ನಾನೇ, ವರದಿಗೆ ಸಹಿ ಹಾಕುವವನೂ ನಾನೇ. ಬೆಳಿಗ್ಗೆ ಎರಡು ಗಂಟೆ ಹೊತ್ತು, ಸಂಜೆ ಎರಡು ಗಂಟೆ ಹೊತ್ತು ಕೆಲಸ. ಒಂದು ಕೋಣೆ, ಎರಡು ಬೆಂಚು, ನಾಲ್ಕು ಕಬ್ಬಿಣದ ಕಪಾಟು. ಕಪಾಟಿಗೆಲ್ಲ ಬೀಗ. ಬೀಗದ ಕೈಗಳು ನನ್ನ ಸೊಂಟದಲ್ಲಿ.

ಬಾಗಿಲ ಪಕ್ಕ ಹಸಿರು ಬಣ್ಣದ ಹಲಗೆಯ ಮೇಲೆ ಬಿಳಿ ಅಕ್ಷರದಲ್ಲಿ ಓದುಗರಿಗೆ ನಿಯಮಗಳು. ಮಾತಾಡಬಾರದು. ಒದ್ದೆ ಕೊಡೆ ಒಳಗೆ ತರಬಾರದು. ಎಂಜಲು ಬೆರಳಿನಲ್ಲಿ ಪುಟ ತಿರುವಬಾರದು. ಕೈ ತೊಳೆಯದೆ ಪುಸ್ತಕ ಮುಟ್ಟಬಾರದು. ಪುಸ್ತಕದಲ್ಲಿ ಏನನ್ನೂ ಬರೆಯಬಾರದು. ಹದಿನೈದು ದಿನದೊಳಗೆ ಮರಳಿಸದವರಿಗೆ ಒಂದು ತಿಂಗಳು ಪುಸ್ತಕವಿಲ್ಲ. ಹೀಗೆ ಮೇಲಿನಿಂದ ಕೆಳಗಿನವರೆಗೆ ಬಾರದು, ಬಾರದು, ಬಾರದು. ನಮ್ಮ ಲೈಬ್ರರಿಗೆ ಯಾರೂ ಬಾರದೇ ಇದ್ದುದರಲ್ಲಿ ಆಶ್ಚರ್ಯವೇನೂ ಇರಲಿಲ್ಲ.

ಹಲಗೆಯ ಕೆಳತುದಿಯಲ್ಲಿ ಕೆಂಪಕ್ಷರದಲ್ಲಿ ‘ಸೇವೆಗಳು’ ಎಂದೂ ಇತ್ತು. ಅದರಲ್ಲೊಂದು ‘ಮಹಿಳೆಯರಿಗೆ ಪ್ರತ್ಯೇಕ ಆಸನ ವ್ಯವಸ್ಥೆ’. ಕಪಾಟಿನ ಹಿಂದೆ, ಗೋಡೆಗೂ ಕಪಾಟಿಗೂ ನಡುವೆ ಒಂದು ಕುರ್ಚಿ ಹಾಕಿದ್ದೆ. ಅಲ್ಲಿ ಗಾಳಿಯೂ ಇಲ್ಲ, ಬೆಳಕೂ ಇಲ್ಲ. ಕಸ ಗುಡಿಸುವ ಹಿಡಿಸೂಡಿ ಇಡುವುದಕ್ಕೆ ಬಹಳ ಅನುಕೂಲವಾಗಿತ್ತು.

ಹಾಗಾದರೆ ಯಾರೂ ಬರುತ್ತಿರಲಿಲ್ಲವೇ ಎಂದರೆ, ಬರುತ್ತಿದ್ದರು. ಡೈರಿಗೆ ಹಾಲು ಹಾಕಿ ಬರುವ ಗಂಡಸರು ಐದಾರು ಮಂದಿ ಪೇಪರ್ ಓದಲು ಬರುತ್ತಿದ್ದರು. ನಮ್ಮಲ್ಲಿ ಪೇಪರ್ ಓದುವ ಕ್ರಮವೇ ಬೇರೆ. ಬಂದ ಕೂಡಲೇ ಅದನ್ನು ಹಾಳೆ ಹಾಳೆಯಾಗಿ ಬಿಡಿಸಿ ಪಾಲು ಮಾಡಿಕೊಳ್ಳುವುದು. ಒಬ್ಬನ ಕೈಯಲ್ಲಿ ರಾಜಕೀಯ, ಇನ್ನೊಬ್ಬನ ಕೈಯಲ್ಲಿ ಕ್ರಿಕೆಟ್, ಹಿರಿಯರ ಕೈಗೆ ಸತ್ತವರ ಫೋಟೋ ಇರುವ ಹಾಳೆ. ಮೊದಲನೇ ಪುಟದಲ್ಲಿ ‘ಆರನೇ ಪುಟಕ್ಕೆ’ ಎಂದು ಇದ್ದರೆ ಆರನೇ ಪುಟದವನು ಮುಗಿಸುವವರೆಗೆ ಮಂತ್ರಿ ರಾಜೀನಾಮೆ ಕೊಟ್ಟನೋ ಇಲ್ಲವೋ ತಿಳಿಯುವಂತಿಲ್ಲ. ನಾನೂ ಒಂದು ಹಾಳೆ ಹಿಡಿದು ಕೂರುತ್ತಿದ್ದೆ. ಕಪಾಟು ತೆಗೆಯುವ ಪ್ರಮೇಯವೇ ಬರುತ್ತಿರಲಿಲ್ಲ.

ಹುಟ್ಟುತ್ತಲೇ ನಾನು ಹೀಗೆ ಬೀಗ ಹಾಕುವ ಜಾತಿಯವನಲ್ಲ ಎಂದು ಹೇಳಿದರೆ ನೀವು ನಂಬುವುದಿಲ್ಲ. ಸಣ್ಣವನಿದ್ದಾಗ ಓದಿನ ಹುಚ್ಚು ಎಷ್ಟಿತ್ತೆಂದರೆ, ಕೋಟೇಶ್ವರದ ದಿನಸಿ ಅಂಗಡಿಯಿಂದ ಸಕ್ಕರೆ ಕಟ್ಟಿ ತಂದ ಕಾಗದವನ್ನೂ ಬಿಡುತ್ತಿರಲಿಲ್ಲ. ಅಮ್ಮ ಪೊಟ್ಟಣ ಬಿಚ್ಚುವುದನ್ನೇ ಕಾಯುತ್ತಿದ್ದೆ. ಹಳೇ ವಾರಪತ್ರಿಕೆಯ ಹಾಳೆ. ಅದರಲ್ಲಿ ಅರ್ಧ ಕತೆ. ಬಾಗಿಲು ತಟ್ಟಿದ ಸದ್ದಾಗುತ್ತದೆ, ಅವಳು ಹೆದರಿಕೊಂಡು ಚಿಲಕ ತೆಗೆಯುತ್ತಾಳೆ, ಅಲ್ಲಿಗೆ ಕಾಗದ ಮುಗಿಯಿತು. ಒಂದು ಸಲ ತಡೆಯಲಾರದೆ ಅಂಗಡಿಗೇ ಓಡಿ ಉಳಿದರ್ಧ ಕೇಳಿದೆ. ಅಂಗಡಿಯವರು ನಕ್ಕು, “ಅದ್ ಯಾರ್ದೋ ಮನಿಗ್ ಉಪ್ ಕಟ್ಕಂಡ್ ಹೋಯ್ತಲ್ಲ ಮಗಾ” ಎಂದರು. ನಾನು ಬಿಡಲಿಲ್ಲ. ಓಣಿಯ ನಾಲ್ಕು ಮನೆಗೆ ಹೋಗಿ, “ನಿಮ್ಮಲ್ಲ್ ಉಪ್ಪಿನ ಕಾಗ್ದ ಇತ್ತಾ?” ಎಂದು ಕೇಳಿ ಬೈಸಿಕೊಂಡೆ. ಬಾಗಿಲ ಹೊರಗೆ ನಿಂತಿದ್ದವರು ಯಾರೆಂದು ನನಗೆ ಈವರೆಗೂ ಗೊತ್ತಿಲ್ಲ. ಅರ್ಧ ಕತೆಯ ಸಂಕಟ ಏನೆಂದು ತಿಳಿಯದವನು ನಾನಲ್ಲ ಎಂಬುದಕ್ಕೆ ಇದನ್ನು ಹೇಳಿದೆ. ತಿಳಿಯದೆ ಮಾಡಿದೆ ಎನ್ನುವ ನೆಪವೂ ನನಗಿಲ್ಲ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಧಾರಾಳಿಯೇ. ಆಗ ಶೀನ ಅಂತ ಒಬ್ಬ. ಮುಂಬಯಿಯ ಹೋಟೆಲಿನಲ್ಲಿ ಕೆಲಸ, ಮಳೆಗಾಲಕ್ಕೆ ಊರಿಗೆ ಬಂದಿದ್ದ. ದಪ್ಪದೊಂದು ಪತ್ತೇದಾರಿ ಕಾದಂಬರಿ ನೋಡಿ, “ಎರ್ಡ್ ದಿನದಗೆ ತಂದ್ ಕೊಡ್ತೆ ಮಾಷ್ಟ್ರೆ” ಎಂದು ಒಯ್ದ. ಮೂರನೇ ದಿನ ಪುಸ್ತಕದ ಸಮೇತ ಬೊಂಬಾಯಿ ಬಸ್ಸು ಹತ್ತಿದ. ನಾನು ಗಾಬರಿಯಿಂದ ಹೋಟೆಲಿನ ವಿಳಾಸಕ್ಕೆ ಕಾಗದ ಬರೆದೆ. ಉತ್ತರ ಬಂತು. “ಮಾಷ್ಟ್ರೆ, ಪುಸ್ಕ ಭಾರೀ ಲಾಯ್ಕಿತ್ತ್. ಈಗ ಇಡ್ಲಿ ಭಟ್ರು ಓದ್ತಾ ಇದ್ರ್. ಅವ್ರದ್ದ್ ಆದ್ಮೇಲೆ ಟೇಬ್ಲ್ ಒರ್ಸುವವ್ರ್ ಮೂರ್ ಜನ ಇದ್ರ್. ಎಲ್ಲರ್ದೂ ಆದ್ ಕೂಡ್ಲೆ ಕಳ್ಸ್ತೆ. ನೀವ್ ಬೇಜಾರ್ ಮಾಡ್ಕಣ್ಬೇಡಿ.”

ಎರಡು ಮಳೆಗಾಲ ಕಳೆದ ಮೇಲೆ ಪುಸ್ತಕ ಯಾರದೋ ಕೈಯಲ್ಲಿ ಬಂತು. ಹೊಲಿಗೆ ಬಿಚ್ಚಿತ್ತು, ಪುಟಗಳಿಗೆ ಸಾಂಬಾರಿನ ವಾಸನೆ. ಕೊನೆಯ ಪುಟದಲ್ಲಿ ಓದಿದವರೆಲ್ಲ ತಮ್ಮ ತಮ್ಮ ಹೆಸರು, ಊರು ಬರೆದಿದ್ದರು. ಸಿದ್ದಾಪುರದವರೊಬ್ಬರು, ಬೈಂದೂರಿನವರಿಬ್ಬರು, ಸಾಲಿಗ್ರಾಮದವರೊಬ್ಬರು. ಒಬ್ಬ ‘ಎರಡು ಸಲ ಓದಿದೆ’ ಎಂದು ಬರೆದಿದ್ದ. ತಪಾಸಣೆಗೆ ಬಂದ ಸಾಹೇಬರು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, “ಇದನ್ನು ಪುಸ್ತಕ ಅಂತಾರೇನ್ರೀ?” ಎಂದರು. ಆ ತಿಂಗಳ ನನ್ನ ಗೌರವಧನ ಕಡಿಮೆ ಬಂತು. ಹೆಂಡತಿ ಒಂದು ವಾರ ಮಾತು ಬಿಟ್ಟಳು. ನಾನು ಆ ಹೆಸರುಗಳ ಮೇಲೆ ಬಿಳಿ ಕಾಗದ ಅಂಟಿಸಿದೆ. ಪುಸ್ತಕದಲ್ಲಿ ಏನನ್ನೂ ಬರೆಯಬಾರದಲ್ಲ!

ಈಗ ಯೋಚಿಸಿದರೆ ನಗುವೋ ಅಳುವೋ ತಿಳಿಯುವುದಿಲ್ಲ. ನಮ್ಮ ಲೈಬ್ರರಿ ತನ್ನ ಇಡೀ ಆಯುಷ್ಯದಲ್ಲಿ ಮಾಡಿದ ದೊಡ್ಡ ಸೇವೆ ನಡೆದದ್ದು ಮುಂಬಯಿಯ ಯಾವುದೋ ಹೋಟೆಲಿನ ಅಡುಗೆ ಕೋಣೆಯಲ್ಲಿ. ಅದನ್ನು ನಾನು ಗೋಂದು ಹಾಕಿ ಮುಚ್ಚಿದೆ.

ಮುಚ್ಚಿದ್ದಲ್ಲದೆ ಪೇಂಟರನ್ನು ಕರೆಸಿ ಹಲಗೆಗೆ ಹನ್ನೊಂದನೆಯ ನಿಯಮ ಸೇರಿಸಿದೆ. ಇದು ಸರ್ಕಾರದ್ದಲ್ಲ, ನನ್ನ ಸ್ವಂತದ್ದು. ‘ಮುಂಬಯಿಗೆ ಹೋಗುವವರಿಗೂ, ಮುಂಬಯಿಯಿಂದ ಬಂದವರಿಗೂ, ಅವರ ಮನೆಯವರಿಗೂ ಪುಸ್ತಕ ಎರವಲು ಕೊಡಲಾಗುವುದಿಲ್ಲ.’ ಪೇಂಟರ್ ಕುಂಚ ಎತ್ತಿ ಹಿಡಿದು ಕೇಳಿದ, “ಹಾಂಗಾರೆ ಊರಗೆ ಉಳುದ್ ಯಾರ್ ಮಾಷ್ಟ್ರೆ?” ಹೌದಲ್ಲ ಮಾರಾಯ್ರೆ! ಕುಂದಾಪುರದ ಸೀಮೆಯಲ್ಲಿ ಯಾವ ಮನೆಯಲ್ಲಿ ಬೊಂಬಾಯಿಗೆ ಹೋದವನೊಬ್ಬ ಇಲ್ಲ? ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಆ ಪೂಜಾರಿ ನಾನೇ.

ಹೀಗೆ ವರ್ಷಗಳು ಸುಖವಾಗಿ ಹೋದವು. ಅಷ್ಟರಲ್ಲಿ ಹೊಸ ಸಾಹೇಬರೊಬ್ಬರು ಬಂದರು. ಅವರು ಪುಸ್ತಕ ಎಣಿಸಲಿಲ್ಲ; ಎರವಲು ವಹಿ ತೆಗೆಸಿದರು. ಅದರಲ್ಲಿ ಇರುವೆ ಓಡಾಡಿದ ಗುರುತೂ ಇರಲಿಲ್ಲ. “ವರ್ಷಕ್ಕೆ ನಾಲ್ಕು ಹೆಸರಾದರೂ ಬೇಡವೇನ್ರೀ?” ಎಂದು ಗದರಿ ಹೋದರು. ಅದರ ಮರುವಾರವೇ ಗಿರಿಜ ಬಂದದ್ದು. ಎಂಟು ವರ್ಷದ ಹಿಂದಿನ ಮಾತು.

ಗಿರಿಜ ಗೇರುಬೀಜದ ಕಾರ್ಖಾನೆಯಲ್ಲಿ ಬೀಜ ಒಡೆಯುವ ಕೆಲಸಕ್ಕೆ ಹೋಗುತ್ತಿದ್ದಳು. ಅವಳ ತಾಯಿ ಚಂದಕ್ಕ ನಮ್ಮ ಓಣಿಗೆ ನಲವತ್ತು ವರ್ಷ ಮೀನು ಹೊತ್ತು ತಂದವಳು. “ಹ್ವಾಯ್ ಅಮ್ಮಾ, ಬಂಗ್ಡಿ ಬೇಕಾ?” ಎಂದು ಕೂಗಿದರೆ ಮೂರು ಮನೆಯ ಬೆಕ್ಕುಗಳು ಏಳುತ್ತಿದ್ದವು. ಅಕ್ಷರ ಬಾರದು, ಆದರೆ ಅವಳ ಬಾಯಲ್ಲಿ ಕತೆ ಕೇಳಬೇಕು. ಯಾರದೋ ಮದುವೆ ಮುರಿದದ್ದನ್ನು ನಮ್ಮ ಮೆಟ್ಟಿಲ ಮೇಲೆ ಕೂತು ಹೇಳುತ್ತಿದ್ದರೆ ನನ್ನ ಹೆಂಡತಿ ಒಲೆಯ ಮೇಲಿನ ಅನ್ನವನ್ನೇ ಮರೆಯುತ್ತಿದ್ದಳು. ಆ ಚಂದಕ್ಕ ಈಗ ಮಲಗಿದ್ದಳು. ಮಂಗಳೂರಿನ ಡಾಕ್ಟರು, ಇನ್ನು ಮಾಡುವುದೇನೂ ಇಲ್ಲ, ಮನೆಗೆ ಕರಕೊಂಡು ಹೋಗಿ ಎಂದುಬಿಟ್ಟಿದ್ದರು.

“ಹಗ್ಲೆಲ್ಲ ಅಟ್ಟ ಕಾಣ್ತಾ ಮನಿಕಂಬ್ದ್ ಮಾಷ್ಟ್ರೆ. ಎಂತಾರೂ ಓದಿ ಹೇಳ್, ಹೇಳ್ತ್ ಅಬ್ಬಿ. ಒಂದ್ ದೊಡ್ ಪುಸ್ಕ ಕೊಡಿ,” ಎಂದಳು ಗಿರಿಜ. ತಾಯಿಯನ್ನು ಅವಳು ಕರೆಯುತ್ತಿದ್ದದ್ದು ಅಬ್ಬಿ ಎಂದೇ.

ಗಿರಿಜಳ ಗಂಡ ಮುಂಬಯಿಯಲ್ಲಿದ್ದ. ಹನ್ನೊಂದನೇ ನಿಯಮದ ಪ್ರಕಾರ ಅವಳಿಗೆ ಪುಸ್ತಕ ಕೊಡುವಂತಿರಲಿಲ್ಲ. ಆದರೆ ವಹಿ ತುಂಬಬೇಕಿತ್ತಲ್ಲ, ಅದಕ್ಕಾಗಿ ನಿಯಮಕ್ಕೆ ಕಣ್ಣು ಮುಚ್ಚಿದೆ. ಕರುಣೆಯಿಂದಲ್ಲ, ಇದನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಬೀಜದ ಎಣ್ಣೆಯಿಂದ ಅವಳ ಬೆರಳುಗಳೆಲ್ಲ ಕಪ್ಪಾಗಿದ್ದವು. ನಲ್ಲಿಗೆ ಕಳಿಸಿ ಎರಡು ಸಲ ಸೋಪು ಹಾಕಿಸಿದೆ. ಅದು ತೊಳೆದರೆ ಹೋಗುವ ಕಪ್ಪಲ್ಲ ಎಂದು ಊರಿಗೇ ಗೊತ್ತು, ನನಗೂ ಗೊತ್ತಿತ್ತು. ಕೊನೆಗೆ ಅವಳು ಸೆರಗಿನಲ್ಲಿ ಹಿಡಿದು ಪುಸ್ತಕ ತಕ್ಕೊಂಡಳು.

ಕೊಟ್ಟದ್ದು ಎರಡು ಭಾಗದ ಒಂದು ಹಳೇ ಕಾದಂಬರಿಯ ಮೊದಲ ಭಾಗ. ದಪ್ಪ ಇದೆ, ಮತ್ತೆ ಬೇಗ ಬಂದು ಕಾಟ ಕೊಡಲಿಕ್ಕಿಲ್ಲ ಎಂಬುದೇ ನನ್ನ ಆಯ್ಕೆಯ ಮಾನದಂಡ. ಒಳಗೆ ಏನಿದೆ ಎಂದು ನನಗೆ ಗೊತ್ತಿರಲಿಲ್ಲ. ನಮ್ಮ ಲೈಬ್ರರಿಯ ಒಂದೇ ಒಂದು ಪುಸ್ತಕವನ್ನೂ ನಾನು ಪೂರ್ತಿ ಓದಿರಲಿಲ್ಲ. ಉಪ್ಪಿನ ಕಾಗದಕ್ಕೆ ಮನೆ ಮನೆ ತಿರುಗಿದವನಿಗೆ ನಾಲ್ಕು ಕಪಾಟು ಪುಸ್ತಕ ಸಿಕ್ಕಿದ ಮೇಲೆ ಓದುವ ಆಸೆಯೇ ಇಂಗಿಹೋಗಿತ್ತು. ಪುಸ್ತಕ ಎಂದರೆ ನನಗೆ ಬೆನ್ನ ಮೇಲಿನ ನಂಬರು ಮಾತ್ರ.

ಗಿರಿಜ ಹತ್ತೊಂಬತ್ತನೇ ದಿನಕ್ಕೆ ಬಂದಳು. ಪುಸ್ತಕಕ್ಕೆ ಹೊಸ ಬೈಂಡು ಕಾಗದ ಹಾಕಿದ್ದಳು. ಒಂದು ಪುಟವೂ ಮಡಚಿರಲಿಲ್ಲ. ಅವಳ ಮುಖದಲ್ಲಿ ಏನೋ ಉಮೇದು.

“ಎರ್ಡನೇ ಭಾಗ ಕೊಡಿ ಮಾಷ್ಟ್ರೆ. ಆ ಭಾಗೀರತಿ ಇತ್ತಲ್ದಾ, ಗಂಡನ್ ಮನಿಯರ್ ಹೊರ್ಗ್ ಹಾಕ್ರ್, ಮಗಿನ್ ಎತ್ಕಂಡ್ ದೋಣಿ ಹತ್ತಿತ್. ಅಲ್ಲಿಗ್ ಮುಗಿತ್. ಅಬ್ಬಿಗ್ ನಿದ್ರಿಯೇ ಇಲ್ಲೆ. ದೋಣಿ ದಾಟ್ತಾ, ದಾಟ್ತಾ ಅಂದೇಳಿ ಕೇಂತ್.”

ನಾನು ವಹಿ ನೋಡಿದೆ. ದಿನ ಎಣಿಸಿದೆ. “ನಾಲ್ಕು ದಿನ ತಡ ಆಯ್ತಲ್ಲ,” ಎಂದೆ.

“ಹೌದ್. ಕಾರ್ಖಾನಿಂದ ಬಂದ್ ಓದುದಲ್ದಾ. ಒಂದ್ ಪುಟ ಓದ್ರೆ ಎರ್ಡ್ ಪುಟದಷ್ಟ್ ಅಬ್ಬಿಯೇ ಮಾತಾಡ್ತ್. ಮಧ್ಯ ಎರ್ಡ್ ದಿನ ಆಸ್ಪತ್ರಿಗೂ ಹೋಯ್ ಬಂದದ್.”

ನಾನು ಹಲಗೆಯ ಕಡೆ ಬೆರಳು ತೋರಿಸಿದೆ. ಒಂದು ತಿಂಗಳು ಪುಸ್ತಕವಿಲ್ಲ. ಅವಳು ಆ ಸಾಲನ್ನು ನಿಧಾನವಾಗಿ ಓದಿದಳು. ಮತ್ತೆ ನನ್ನ ಮುಖ ನೋಡಿದಳು.

“ತಿಂಗ್ಳಾ? ಅಬ್ಬಿಗೆ ತಿಂಗ್ಳ್ ಎಲ್ಲಿತ್ತ್ ಮಾಷ್ಟ್ರೆ?”

ಬೆಂಚಿನ ಮೇಲೆ ಮೂವರು ಗಂಡಸರು ಕೂತಿದ್ದರು. ಮೂವರ ಹಾಳೆಗಳೂ ಸ್ವಲ್ಪ ಕೆಳಗಿಳಿದವು. ಅವರು ನೋಡುತ್ತಿದ್ದಾರೆಂದು ನನ್ನ ಕತ್ತು ಇನ್ನಷ್ಟು ನೆಟ್ಟಗಾಯಿತು. ಇವಳಿಗೆ ಕೊಟ್ಟರೆ ನಾಳೆ ಎಲ್ಲರೂ ಕೇಳುತ್ತಾರೆ ಎಂದೆ. ಕೇಳುವವರು ಯಾರಿದ್ದರೋ ದೇವರೇ ಬಲ್ಲ. ಕಪಾಟು ನನ್ನ ಬೆನ್ನ ಹಿಂದೆಯೇ ಇತ್ತು, ಎರಡನೇ ಭಾಗ ಮೂರನೇ ಅಂಕಣದಲ್ಲಿತ್ತು, ಬೀಗದ ಕೈ ಸೊಂಟದಲ್ಲಿತ್ತು. ನಾನು ಕುರ್ಚಿಯಿಂದ ಏಳಲಿಲ್ಲ.

ಗಿರಿಜ ಬಾಗಿಲ ತನಕ ಹೋದವಳು ತಿರುಗಿ ಬಂದಳು. “ಪುಸ್ಕ ಕೊಡ್ಬೇಡಿ, ಅಡ್ಡಿಲ್ಲೆ. ಕತಿ ಆದ್ರೂ ಹೇಳಿ. ನೀವ್ ಓದಿಪ್ರಲ್ದಾ? ಭಾಗೀರತಿ ಕಡಿಗ್ ಎಂತ ಆತ್ ಅಂದೇಳಿ ಒಂದ್ ಮಾತ್ ಹೇಳಿ, ನಾನ್ ಹೋಯ್ ಅಬ್ಬಿಗ್ ಹೇಳ್ತೆ. ಹೇಳುಕೆ ರೂಲ್ಸ್ ಅಡ್ಡ ಇಲ್ಲೆ ಅಲ್ದಾ?”

ಓದಿಲ್ಲ ಎಂದು ಹೇಳಬಹುದಿತ್ತು. ಮೂರು ಜನ ಕೇಳುತ್ತಿದ್ದರು. ಲೈಬ್ರರಿ ಮಾಷ್ಟ್ರು ಎನ್ನುವ ಹೆಸರು ಬೇರೆ. ನಾನು ಗಂಟಲು ಸರಿಮಾಡಿಕೊಂಡು, ಎಲ್ಲ ತಿಳಿದವನ ಹಾಗೆ, “ಆಗುವುದೇನು? ಗಂಡನಿಗೆ ಬುದ್ಧಿ ಬರುತ್ತದೆ. ಅವಳು ವಾಪಸು ಮನೆಗೆ ಬರುತ್ತಾಳೆ. ಕೊನೆಗೆ ಎಲ್ಲ ಸುಖ,” ಎಂದೆ.

“ಹೌದಾ? ಹಾಂಗಾರೆ ಆಯ್ತ್. ಹೇಳ್ತೆ,” ಎಂದು ಹೋದಳು.

ಹನ್ನೆರಡು ದಿನಕ್ಕೆ ಚಂದಕ್ಕ ತೀರಿಕೊಂಡಳು. ನಾನೂ ಹೆಂಡತಿಯೂ ಹೋಗಿ ಅಂಗಳದಲ್ಲಿ ಕೈಕಟ್ಟಿ ನಿಂತು ಬಂದೆವು. ಹೆಂಡತಿ ದಾರಿಯುದ್ದಕ್ಕೂ ಅತ್ತಳು. ನನಗೆ ಅಳು ಬರಲಿಲ್ಲ. ತಿಂಗಳಿಗೆ ಇನ್ನು ಹದಿನೆಂಟು ದಿನ ಇತ್ತು ಎಂಬ ಲೆಕ್ಕ ಮಾತ್ರ ತಲೆಯಲ್ಲಿ ಓಡುತ್ತಿತ್ತು. ಗಿರಿಜ ಆಮೇಲೆ ಲೈಬ್ರರಿಗೆ ಬರಲಿಲ್ಲ.

ಮತ್ತೆ ನಾನು ಆ ಪುಸ್ತಕ ಮುಟ್ಟಿದ್ದು ನಿವೃತ್ತಿಗೆ ಹತ್ತು ದಿನ ಇರುವಾಗ. ಮುಂದಿನವರಿಗೆ ಒಪ್ಪಿಸುವ ಮೊದಲು ಎಲ್ಲವನ್ನೂ ಹೊರಗೆ ತೆಗೆದು ಎಣಿಸಬೇಕಿತ್ತು. ಎರಡನೇ ಭಾಗ ಕೈಗೆ ಬಂತು. ಪುಟಗಳ ಅಂಚು ಕೂಡ ಬಿಡಿಸಿರಲಿಲ್ಲ. ಅಚ್ಚಿನ ಮನೆಯಿಂದ ಹೇಗೆ ಬಂದಿತ್ತೋ ಹಾಗೆಯೇ ಜೋಡಿ ಜೋಡಿಯಾಗಿ ಅಂಟಿಕೊಂಡಿದ್ದವು. ಅಷ್ಟು ವರ್ಷ ಯಾರೂ ಅದನ್ನು ತೆರೆದೇ ಇರಲಿಲ್ಲ. ಸ್ಕೇಲಿನಿಂದ ಒಂದೊಂದೇ ಪುಟ ಬಿಡಿಸಿಕೊಂಡು ನೆಲದ ಮೇಲೆ ಕೂತು ಓದಿದೆ. ಮೂರು ದಿನ ಹಿಡಿಯಿತು.

ಭಾಗೀರಥಿ ವಾಪಸು ಬರುವುದಿಲ್ಲ ಮಾರಾಯ್ರೆ. ಆಚೆ ದಡದಲ್ಲಿ ದೋಣಿ ನಡೆಸುವುದನ್ನು ಕಲಿಯುತ್ತಾಳೆ. ಗಂಡನೇ ಒಂದು ದಿನ ಹುಡುಕಿಕೊಂಡು ಬರುತ್ತಾನೆ. ಬೇರೆಯವರ ಹಾಗೆ ಅವನನ್ನೂ ದೋಣಿಯಲ್ಲಿ ಕೂರಿಸಿ ಅವನ ದಡಕ್ಕೆ ಮುಟ್ಟಿಸುತ್ತಾಳೆ, ತಾನು ಇಳಿಯುವುದಿಲ್ಲ. ಕೊನೆಯ ಪುಟದಲ್ಲಿ ಅವಳು ಹುಟ್ಟು ಹಾಕುತ್ತ ತನ್ನ ದಡಕ್ಕೆ ಮರಳುತ್ತಿದ್ದಾಳೆ. ಸಾಯುವವಳ ಕಿವಿಗೆ ನಾನು ಎಂಥ ಸುಳ್ಳು ಕಳಿಸಿದ್ದೆ!

ವಹಿಯಲ್ಲಿ ಬರೆಯದೆ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡೆ. ಎಣಿಕೆಯಲ್ಲಿ ಒಂದು ಕಡಿಮೆ ಬಂದರೆ ಬರಲಿ, ಇದನ್ನು ಗಿರಿಜಳಿಗೇ ಕೊಟ್ಟುಬಿಡುವುದು ಎಂದು ನಿಶ್ಚಯ ಮಾಡಿದ್ದೆ. ಅವಳ ಮನೆಗೆ ಹೋದಾಗ ಅವಳು ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ನನ್ನನ್ನು ಕಂಡು, “ಬನ್ನಿ ಮಾಷ್ಟ್ರೆ, ಕೂಕಣಿ,” ಎಂದು ಸ್ಟೂಲು ತಂದಿಟ್ಟಳು.

ನಾನು ಕೂರಲಿಲ್ಲ. “ಗಿರಿಜಾ, ಅವತ್ತು ನಾನು ಹೇಳಿದ್ದು ಸುಳ್ಳು. ಈ ಪುಸ್ತಕ ಓದಿರಲಿಲ್ಲ,” ಎಂದೆ. ಹೇಳಲು ದಾರಿಯುದ್ದಕ್ಕೂ ಎಷ್ಟೋ ಮಾತು ಕೂಡಿಸಿಕೊಂಡಿದ್ದೆ. ಹೊರಗೆ ಬಂದದ್ದು ಇಷ್ಟೇ.

“ಗೊತ್ತಿತ್ತ್,” ಎಂದಳು ಅವಳು, ಲಂಗವೊಂದನ್ನು ಕೊಡವುತ್ತ. “ಅಬ್ಬಿಗೂ ಗೊತ್ತಿತ್ತ್. ನಾನ್ ಬಂದ್ ಹೇಳ್ದ್ ಕೂಡ್ಲೆ ನೆಗಾಡಿತ್. ‘ಆ ಮಾಷ್ಟ್ರ್ ಪುಸ್ಕ ಓದ್ಲಿಲ್ಲೆ ಕಾಣ್. ಆ ಹೆಣ್ ಹಾಂಗ್ ವಾಪಾಸ್ ಬಪ್ಪೋಳಲ್ಲ’ ಅಂತ್.”

ಅಕ್ಷರ ಬಾರದ ಚಂದಕ್ಕ ಹಾಸಿಗೆಯಲ್ಲಿ ಮಲಗಿಕೊಂಡೇ ನನ್ನನ್ನು ಓದಿ ಮುಗಿಸಿದ್ದಳು. ಚೀಲದಿಂದ ಪುಸ್ತಕ ತೆಗೆದು ಚಾಚಿದೆ. “ಇದನ್ನು ನೀನೇ ಇಟ್ಟುಕೋ. ವಾಪಸು ಕೊಡುವುದು ಬೇಡ.”

ಅವಳು ಕೈ ಮುಂದೆ ಮಾಡಲಿಲ್ಲ. “ಬ್ಯಾಡ ಮಾಷ್ಟ್ರೆ.”

“ಓದಿಯಾದರೂ ನೋಡು. ನಿನ್ನಮ್ಮ ಹೇಳಿದ್ದೇ ಸರಿ. ಭಾಗೀರಥಿ ಬರುವುದಿಲ್ಲ, ಅವಳು...”

“ಹೇಳ್ಬೇಡಿ!” ಎಂದು ಗಿರಿಜ ಕಿವಿಯ ಹತ್ತಿರ ಕೈ ತಂದಳು. ನನ್ನ ಮೇಲೆ ಅವಳು ದನಿ ಎತ್ತಿದ್ದು ಅದೊಂದೇ ಸಲ. ಆಮೇಲೆ ಮೆಲ್ಲಗೆ ಹೇಳಿದಳು, “ಎರ್ಡನೇ ಭಾಗ ಅಬ್ಬಿಯೇ ಹೇಳಿತ್. ಹನ್ನೆರ್ಡ್ ದಿನ, ದಿನಾ ಒಂದಿಷ್ಟ್. ಉಸ್ರ್ ಹಿಡಿತಿತ್ತ್, ಆದ್ರೂ ಹೇಳಿತ್. ಇದನ್ ಓದ್ರೆ ನಂಗ್ ಅದ್ ಮರ್ತ್ ಹೋತ್.”

ನಾನು ಪುಸ್ತಕವನ್ನು ಮತ್ತೆ ಚೀಲಕ್ಕೆ ಹಾಕಿಕೊಂಡೆ; ಇನ್ನು ಎಣಿಕೆ ಸರಿಯಾಗಿಯೇ ಬರುತ್ತದೆ. ತಡೆಯಲಾಗಲಿಲ್ಲ, ಕೇಳಿಬಿಟ್ಟೆ. “ಚಂದಕ್ಕ ಏನು ಹೇಳಿದಳು? ಭಾಗೀರಥಿ ಏನು ಮಾಡಿದಳಂತೆ?”

ಗಿರಿಜ ಖಾಲಿ ಬುಟ್ಟಿ ಎತ್ತಿ ಸೊಂಟಕ್ಕಿಟ್ಟುಕೊಂಡಳು. ಕೋಪ ಇರಲಿಲ್ಲ ಅವಳ ಮುಖದಲ್ಲಿ. ಇದ್ದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

“ಅದ್ ನಿಮ್ಗ್ ಎಂತಕೆ ಮಾಷ್ಟ್ರೆ?” ಎಂದು ಒಳಗೆ ಹೋದಳು.